ಹಿಂದೆ ಬೀಸಿ, ಒಂದು ಕ್ಷಣ

ಇವತ್ತು ಮೊದಲ ಸಲ ಟ್ರೌಟ್ ಮೀನಿಗೆ ಫ್ಲೈ ಫಿಶಿಂಗ್ ಮಾಡಿದೆ. 9 ಅಡಿಯ, 5 ವೇಟ್ ರಾಡ್, ಅಂದರೆ ಮಧ್ಯಮ ತೂಕದ ಲೈನಿಗೆ (ಗಾಳದ ದಾರಕ್ಕೆ) ಹೊಂದುವ ಕೋಲು. ಕಲಿಯುವವರಿಗೆ ಅದು ಸಾಕು.

ಗಾಳಕ್ಕೆ ಗರಿ, ದಾರ ಸುತ್ತಿ ಹುಳದಂತೆ ಮಾಡಿದ ಪುಟ್ಟ ಫ್ಲೈಗೆ ತೂಕವೇ ಇಲ್ಲ ಅನ್ನಬೇಕು. ಅದನ್ನು ಹೊತ್ತೊಯ್ಯುವುದು ದಪ್ಪ ಲೈನಿನ ತೂಕ. ಅದಕ್ಕೇ ಹಿಂದಕ್ಕೆ ಬೀಸಿದ ಮೇಲೆ, ಲೈನ್ ಪೂರ್ತಿ ಬಿಚ್ಚಿಕೊಳ್ಳುವ ತನಕ ಒಂದು ಕ್ಷಣ ನಿಲ್ಲಬೇಕು. ಬೆಳಗ್ಗೆಯೆಲ್ಲ ನಾನು ನಿಲ್ಲಲೇ ಇಲ್ಲ, ಬರೀ ಗಂಟು. ಇನ್ನೂ ಎಲ್ಲೆಲ್ಲಿ ಹೀಗೆ ಅವಸರ ಮಾಡಿದ್ದೇನೋ ಅಂತ ಸುಮ್ನೆ ಅನ್ನಿಸಿತು.

ಸಂಜೆ ಒಮ್ಮೆ ಸರಿಯಾಗಿ ಬಿತ್ತು. ಫ್ಲೈ ನೀರಿನ ವೇಗದಲ್ಲೇ ತೇಲಿ ಬಂತು. ಕಲ್ಲಿನ ಹಿಂದೆ, ಹರಿವಿಗೆ ಎದುರಾಗಿ ನಿಂತಿದ್ದ ಟ್ರೌಟ್ ಮೇಲೆದ್ದು ನೋಡಿತು. ಬದಿಯ ಕೆಂಪು ಚುಕ್ಕೆಗಳೂ ಕಂಡವು. ಬಾಯಿ ಹಾಕದೆ ಇಳಿದು ಹೋಯಿತು. ಎಂಥ ಖುಷಿ ಗೊತ್ತಾ! ನಾಳೆ ಬೆಳಗ್ಗೆ ಮತ್ತೆ ಅದೇ ಕಲ್ಲಿನ ಹತ್ತಿರ.