ಚೊಗರು, ಮೆಣಸು ಮತ್ತು ವೈನ್ ಪಟ್ಟಿ: 14 ತಿಂಗಳ ಲೆಕ್ಕ

ಕಳೆದ ವರ್ಷ ಏಪ್ರಿಲ್‌ನಲ್ಲಿ ತೊಡಗಿದ ಈ ಹವ್ಯಾಸದ ಪುಸ್ತಕದಲ್ಲಿ ಈಗ 41 ಲೋಟಗಳ ದಾಖಲೆಯಿದೆ. ನನಗೆ ನಾನೇ ಹಾಕಿಕೊಂಡ ನಿಯಮ ಸರಳವಾದದ್ದು. ಕೆಲಸದ ನಿಮಿತ್ತ ಬೆಂಗಳೂರಿಗೋ ಮಂಗಳೂರಿಗೋ ಹೋದಾಗ, ಅದಿಲ್ಲದ ತಿಂಗಳು ಶಿವಮೊಗ್ಗದಲ್ಲಿಯೇ, ವೈನ್ ಪಟ್ಟಿ ಇಟ್ಟಿರುವ ಒಂದು ರೆಸ್ಟೋರೆಂಟಿನಲ್ಲಿ ಕುಳಿತು ಒಂದು ಲೋಟ ವೈನ್ ಮತ್ತು ಒಂದು ಅಡುಗೆಯನ್ನು ತರಿಸಿಕೊಂಡು, ಅವೆರಡೂ ಬಾಯಲ್ಲಿ ಹೇಗೆ ಕೂಡಿದವು ಎಂಬುದನ್ನು ಕೈ ತೊಳೆಯುವ ಮೊದಲೇ ಕನ್ನಡದಲ್ಲಿ ಬರೆದಿಡಬೇಕು. ‘ಸ್ಮೂತ್’, ‘ಫ್ರೂಟಿ’ ಎಂಬ ಎರಡು ಪದಗಳಿಗೆ ಈ ಪುಸ್ತಕದಲ್ಲಿ ಪ್ರವೇಶವಿಲ್ಲ, ಏಕೆಂದರೆ ಅವುಗಳನ್ನು ಬರೆದ ಮೇಲೆ ಬೇರೇನನ್ನೂ ಬರೆಯಬೇಕೆನಿಸುವುದಿಲ್ಲ.

ನಮ್ಮ ಊರಿನಲ್ಲಿ ‘ವೈನ್ಸ್’ ಎಂಬ ಫಲಕಗಳಿಗೆ ಬರವಿಲ್ಲ. ಬರವಿರುವುದು ವೈನಿಗೆ. ಬಿ.ಎಚ್. ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ವೈನ್ ಕೇಳಿದರೆ ವಿಸ್ಕಿ, ಬ್ರಾಂಡಿ, ರಮ್ಮುಗಳ ಸಾಲಿನ ಹಿಂದಿನಿಂದ ಒಂದು ಸಿಹಿ ಪೋರ್ಟ್ ಬಾಟಲಿಯನ್ನು ಹೊರತೆಗೆದು, ಧೂಳೊರೆಸಿ ಕೊಡುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿಯ ಆ ಅಂಟು ಸಿಹಿಯನ್ನೇ ವೈನ್ ಎಂದುಕೊಂಡು ಬೆಳೆದ ನನಗೆ, ಮೊದಲ ಬಾರಿಗೆ ಒಣ, ಅಂದರೆ ಸಿಹಿಯಿಲ್ಲದ, ಕೆಂಪು ವೈನ್ ಕುಡಿದಾಗ ಮೋಸಹೋದಂತೆ ಅನಿಸಿತ್ತು.

ಮೊದಲ ಏಳು ತಿಂಗಳು ಪದಗಳಿಗಾಗಿ ತಡಕಾಡಿದ್ದೇ ಹೆಚ್ಚು. ಆ ತಡಕಾಟಕ್ಕೆ ದಾರಿ ತೋರಿಸಿದವರು ನಮ್ಮ ಭಾವ. ನವೆಂಬರ್‌ನಲ್ಲಿ ಬೆಂಗಳೂರಿಗೆ ಜೊತೆಯಲ್ಲಿ ಬಂದಿದ್ದ ಅವರು ನನ್ನ ಲೋಟದ ಕ್ಯಾಬರ್ನೆ ಸೋವಿನ್ಯೊನ್ ಎಂಬ ಕೆಂಪು ವೈನನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ, “ಎಂತ ಮಾರಾಯ ಇದು, ಚೊಗರು ಬಾಯಿಗೆ ಹಾಕ್ಕೊಂಡಂಗೆ ಆಯ್ತಲ್ಲ!” ಎಂದರು. ಆಗ ನಕ್ಕು ಸುಮ್ಮನಾಗಿದ್ದೆ. ಮರುವಾರ ತೀರ್ಥಹಳ್ಳಿ ಬಳಿಯ ನಮ್ಮ ಮನೆಯಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಸುಲಿದ ಹಸಿ ಅಡಿಕೆಗೆ ಬಣ್ಣ ಬರಲೆಂದು ಹಂಡೆಯ ನೀರಿಗೆ ಹಿಂದಿನ ಸಲದ ಚೊಗರನ್ನು, ಅಂದರೆ ಅಡಿಕೆ ಬೇಯಿಸಿ ಉಳಿದ ರಸವನ್ನು, ಬೆರೆಸುವುದು ವಾಡಿಕೆ. ಬೇಯುತ್ತ ಬೇಯುತ್ತ ಅದು ಕಡುಗೆಂಪಾಗಿ ಮಂದವಾಗುತ್ತದೆ. ಸೌಟಿನ ತುದಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ನಾಲಿಗೆಗಿಟ್ಟುಕೊಂಡೆ. ನಾಲಿಗೆ ಅಂಗುಳಕ್ಕೆ ಅಂಟಿ, ಒಸಡು ಒಣಗಿ, ಕೆನ್ನೆಯ ಒಳಭಾಗ ಬಿಗಿದುಕೊಂಡಿತು. ಭಾವ ಹೇಳಿದ್ದು ಉಪಮೆಯಾಗಿರಲಿಲ್ಲ, ವರದಿಯಾಗಿತ್ತು.

ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಕೆಂಪು ವೈನಿಗೆ ಇಳಿಯುವ ಟ್ಯಾನಿನ್‌ಗಳೂ ಅಡಿಕೆಯ ಟ್ಯಾನಿನ್‌ಗಳೂ ಒಂದೇ ಕುಲಕ್ಕೆ ಸೇರಿದವು. ಅವು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು, ಬಾಯಿಯನ್ನು ನುಣುಪಾಗಿಡುವ ಆ ಪದರವನ್ನು ಕಿತ್ತುಹಾಕುವುದರಿಂದಲೇ ಒಗರು ಎಂಬ ಅನುಭವವಾಗುವುದು. ಅಂದಿನಿಂದ ನನ್ನ ಪುಸ್ತಕದಲ್ಲಿ ಒಗರಿಗೆ ಮೂರು ದರ್ಜೆಗಳಿವೆ. ಬಂದು ಹೋಗುವ ನೇರಳೆ ಒಗರು, ಗಂಟಲು ಹಿಡಿಯುವ ಗೇರುಹಣ್ಣಿನ ಒಗರು, ಮತ್ತು ಎಲ್ಲಕ್ಕಿಂತ ಮೇಲೆ ಚೊಗರು. ಅಡಿಕೆಯಲ್ಲಿ ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸಿ ಕಲಿತ ಊರಿನವನಿಗೆ ಇಂಥ ದರ್ಜೆ ಮಾಡುವುದು ಕಷ್ಟವಾಗಲಿಲ್ಲ.

ಶಿವಮೊಗ್ಗದಲ್ಲಿ ನಾನು ಹೆಚ್ಚಾಗಿ ಹೋಗುವ ರೆಸ್ಟೋರೆಂಟಿನ ವೈನ್ ಪಟ್ಟಿ ಅರ್ಧ ಪುಟದ್ದು. ಮೂರು ಕೆಂಪು, ಎರಡು ಬಿಳಿ, ಒಂದು ಗುಲಾಬಿ. ಹೆಸರು ಬರೆಯುವುದಿಲ್ಲ, ಏಕೆಂದರೆ ಮುಂದೆ ದೂರು ಬರಲಿದೆ. ಏಪ್ರಿಲ್ ತಿಂಗಳ ರಾತ್ರಿ, ಹಗಲಿನ ಬಿಸಿಲು 36 ಡಿಗ್ರಿ ದಾಟಿದ್ದ ದಿನ, ಕಾಫಿ ಯಂತ್ರದ ಮೇಲಿನ ಗೂಡಿನಲ್ಲಿ ನಿಂತಿದ್ದ ಶಿರಾಜ್ ಎಂಬ ಕೆಂಪು ವೈನಿನ ಬಾಟಲಿಯನ್ನು ತೆಗೆದು ಲೋಟಕ್ಕೆ ಸುರಿದರು. ಮೂಗಿನ ಬಳಿ ತಂದರೆ ಸ್ಪಿರಿಟ್ಟಿನ ಘಾಟು ಬಿಟ್ಟು ಬೇರೇನೂ ಇಲ್ಲ. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ; ಅಲ್ಲಿನ ಲೆಕ್ಕಕ್ಕೆ ಅದು 16ರಿಂದ 18 ಡಿಗ್ರಿ. ಐಸ್ ಬಕೆಟ್ ತರಿಸಿ ಬಾಟಲಿಯನ್ನು ಹದಿನೈದು ನಿಮಿಷ ಅದರಲ್ಲಿ ನಿಲ್ಲಿಸಿ ಎಂದಾಗ ಬಡಿಸುವ ಹುಡುಗ, “ಸಾರ್, ರೆಡ್ ವೈನಿಗೆ ಐಸ್ ಹಾಕಬಾರ್ದಂತೆ” ಎಂದು ಬಹಳ ಮರ್ಯಾದೆಯಿಂದ ತಿಳಿಹೇಳಿದ. ವೈನಿಗಲ್ಲ, ಬಾಟಲಿಗೆ ಎಂದು ವಿವರಿಸಿದ ಮೇಲೆ ತಂದುಕೊಟ್ಟ. ಹದಿನೈದು ನಿಮಿಷದ ಬಳಿಕ ಅದೇ ಶಿರಾಜ್‌ನಲ್ಲಿ ಮಾಗಿದ ನೇರಳೆಯ ಪರಿಮಳ ಮೇಲೆದ್ದು ಬಂದಿತು, ಘಾಟು ಹಿಂದೆ ಸರಿಯಿತು.

ಪಟ್ಟಿ ಓದುವುದರಲ್ಲಿ ಈಗ ನಾನು ಮೊದಲು ನೋಡುವುದು ಬೆಲೆಯನ್ನಲ್ಲ, ದ್ರಾಕ್ಷಿ ಕೊಯ್ದ ಇಸವಿಯನ್ನು. ನಮ್ಮ ದೇಶದ ಬಹುಪಾಲು ಬಿಳಿ ವೈನುಗಳನ್ನು ಒಂದೆರಡು ವರ್ಷದೊಳಗೆ ಕುಡಿದು ಮುಗಿಸುವುದೇ ಸರಿ. ಇಸವಿಯನ್ನೇ ನಮೂದಿಸದ ಪಟ್ಟಿ ಕಂಡರೆ ಬಾಟಲಿಯನ್ನು ಮೇಜಿಗೆ ತರಿಸಿ ನೋಡುತ್ತೇನೆ. ಎರಡನೆಯದು ಗುಣಾಕಾರ. 750 ಮಿಲಿಲೀಟರಿನ ಬಾಟಲಿಯಲ್ಲಿ 150ರ ಲೋಟ ಐದು ತುಂಬುತ್ತವೆ. ಲೋಟದ ಬೆಲೆಯನ್ನು ಐದರಿಂದ ಗುಣಿಸಿ ಬಾಟಲಿಯ ಬೆಲೆಯ ಪಕ್ಕದಲ್ಲಿಟ್ಟರೆ ಆ ರೆಸ್ಟೋರೆಂಟಿನವರ ಮನಸ್ಸು ತಿಳಿಯುತ್ತದೆ. ಬಾಟಲಿ ತೆರೆದು ಎಷ್ಟು ದಿನವಾಯಿತು ಎಂದು ಕೇಳಲು ಮೊದಲೆಲ್ಲ ಸಂಕೋಚವಾಗುತ್ತಿತ್ತು. ಈಗ ಮೀನು ತಾಜಾ ಇದೆಯೇ ಎಂದು ಕೇಳುವ ಧಾಟಿಯಲ್ಲಿಯೇ ಕೇಳುತ್ತೇನೆ.

ಕಳೆದ ಮಳೆಗಾಲದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಜುಲೈನಲ್ಲಿ ಬೆಂಗಳೂರಿನ ಒಂದು ದುಬಾರಿ ರೆಸ್ಟೋರೆಂಟಿನಲ್ಲಿ ವಿದೇಶಿ ಕೆಂಪು ವೈನಿನ ಅರ್ಧ ಬಾಟಲಿ ತರಿಸಿದ್ದೆ. ಕಾರ್ಕ್ ತೆಗೆದು ರುಚಿ ನೋಡಲು ಕೊಟ್ಟಾಗ ಬೂಷ್ಟು ಹಿಡಿದ ಗೋಣಿಚೀಲದ ವಾಸನೆ ಬಂದಿತು. ಮಲೆನಾಡಿನಿಂದ ಹೊರಟವನಿಗೆ ಜುಲೈ ತಿಂಗಳಲ್ಲಿ ಆ ವಾಸನೆ ಹೊಸದಲ್ಲ; ಅಂಗಿ, ಕರ್ಚೀಫು, ಚೀಲ ಎಲ್ಲವೂ ಹೊಗೆಯಟ್ಟದ ಕೆಳಗೆ ಒಣಗಿದವೇ. ದೋಷ ನನ್ನ ಅಂಗಿಯದೆಂದುಕೊಂಡು ಚೆನ್ನಾಗಿದೆ ಎಂದು ತಲೆಯಾಡಿಸಿ, ಹಣ್ಣಿನ ಸುಳಿವೇ ಇಲ್ಲದ ಆ ವೈನನ್ನು ಕೊನೆಯ ಹನಿಯವರೆಗೆ ಕುಡಿದು ಬಿಲ್ ಕೊಟ್ಟು ಬಂದೆ. ಕಾರ್ಕಿನಲ್ಲಿ ಹುಟ್ಟುವ ಟಿಸಿಎ ಎಂಬ ರಾಸಾಯನಿಕ ವೈನನ್ನು ಹೀಗೆ ಕೆಡಿಸುತ್ತದೆಂದೂ, ಅಂಥ ಬಾಟಲಿಯನ್ನು ಹಿಂದಿರುಗಿಸುವುದು ಗಿರಾಕಿಯ ಹಕ್ಕೆಂದೂ, ರುಚಿ ನೋಡಲು ಕೊಡುವುದೇ ಅದಕ್ಕಾಗಿ ಎಂದೂ ತಿಳಿದದ್ದು ಆಮೇಲೆ. ಬಡಿಸಿದವರಿಗೂ ಮೂಗಿತ್ತಲ್ಲ ಎಂಬ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಊಟದ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು ಖಾರದಿಂದ. ನಗರದ ರೆಸ್ಟೋರೆಂಟುಗಳಲ್ಲಿ ಕೋಳಿ, ಮಟನ್ ಎಂದ ಕೂಡಲೇ ಪಟ್ಟಿಯಲ್ಲಿನ ಅತ್ಯಂತ ಭಾರದ ಕೆಂಪು ವೈನನ್ನು ಸೂಚಿಸುವ ಅಭ್ಯಾಸವಿದೆ. ಬೆಂಕಿಯಲ್ಲಿ ಸುಟ್ಟ ಮಾಂಸಕ್ಕೆ, ಕೊಬ್ಬಿಗೆ ಅದು ಒಪ್ಪುತ್ತದೆ, ಏಕೆಂದರೆ ಟ್ಯಾನಿನ್‌ಗೆ ಅಂಟಿಕೊಳ್ಳಲು ಅಲ್ಲಿ ಬೇರೆ ಪ್ರೋಟೀನು ಸಿಗುತ್ತದೆ. ನಮ್ಮ ಸಾರಿನಲ್ಲಿ ಒಣಮೆಣಸಿನಕಾಯಿ ಇರುತ್ತದೆ. ಆಲ್ಕೋಹಾಲ್ ಆ ಉರಿಯನ್ನು ಹೆಚ್ಚಿಸುತ್ತದೆ, ಒಗರು ಅದಕ್ಕೆ ಇನ್ನಷ್ಟು ಚುಚ್ಚು ಕೊಡುತ್ತದೆ. ಶೇ. 14 ಆಲ್ಕೋಹಾಲಿನ ಕ್ಯಾಬರ್ನೆಯನ್ನು ಖಾರದ ಕೋಳಿಯೊಂದಿಗೆ ಕುಡಿದ ಮೂರು ದಾಖಲೆಗಳಲ್ಲಿಯೂ ಕೊನೆಯ ವಾಕ್ಯ ಒಂದೇ ಆಗಿದೆ, “ನೀರು ತರಿಸಿದೆ” ಎಂದು.

ಇದಕ್ಕೆ ಎದುರಾದ ದಾಖಲೆ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ‘ಕರಾವಳಿ’ ರೆಸ್ಟೋರೆಂಟಿನದು. 1990ರಿಂದ ಕರಾವಳಿಯ ಅಡುಗೆಯನ್ನೇ ಬಡಿಸಿಕೊಂಡು ಬಂದಿರುವ ಆ ಮನೆಯಲ್ಲಿ ಹುಳಿ ಮುಂದಾದ ಮೀನಿನ ಸಾರಿನೊಂದಿಗೆ ಶೆನಿನ್ ಬ್ಲಾಂ ಎಂಬ ತಣ್ಣನೆಯ ಬಿಳಿ ವೈನ್ ಕುಡಿದೆ. ಹುಳಿಯಿರುವ ಊಟ ವೈನಿನ ಹುಳಿಯನ್ನು ತಗ್ಗಿಸಿ ತೋರಿಸುತ್ತದೆ ಎಂಬ ಸೂತ್ರವನ್ನು ಓದಿ ತಿಳಿದಿದ್ದೆ. ಬಾಯಲ್ಲಿ ಅದು ನಡೆದದ್ದು ಅಂದೇ. ಮೊದಲ ಗುಟುಕಿನಲ್ಲಿ ಚುರುಕಾಗಿದ್ದ ವೈನ್ ಸಾರಿನ ಬಳಿಕ ದುಂಡಗಾಯಿತು, ಅದರಲ್ಲಿ ಉಳಿದಿದ್ದ ಚಿಟಿಕೆಯಷ್ಟು ಸಿಹಿ ಖಾರದ ಬೆನ್ನು ಸವರಿತು. ನಾಸಿಕ್‌ನ ಸುಲಾ ಕಂಪನಿ ತನ್ನ ಮೊದಲ ವೈನುಗಳನ್ನು 2000ದಲ್ಲಿ ಹೊರತಂದಾಗ ಅವುಗಳಲ್ಲಿ ಶೆನಿನ್ ಬ್ಲಾಂ ಕೂಡ ಇತ್ತು. ಇಷ್ಟು ವರ್ಷಗಳಾದರೂ ಅದನ್ನು ಪಟ್ಟಿಯ ಅಗ್ಗದ ಸಾಲಿನಲ್ಲಿಟ್ಟು ‘ಹೊಸಬರಿಗೆ’ ಎಂದು ತಳ್ಳಿಬಿಡುವುದು ನನಗೆ ಸರಿಕಾಣುವುದಿಲ್ಲ. ವಾಟೆಹುಳಿ, ಉಪ್ಪಾಗೆ, ಮುರುಗಲು ಹಾಕಿ ಅಡುಗೆ ಮಾಡುವ ಸೀಮೆಯವರಿಗೆ ಮೊದಲ ಆಯ್ಕೆಯೇ ಅದಾಗಬೇಕು.

ಈ 14 ತಿಂಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಮೆಣಸಿನ ಪರೀಕ್ಷೆ. ಕೆಲವು ಶಿರಾಜ್ ವೈನುಗಳಲ್ಲಿ ಕರಿಮೆಣಸಿನ ವಾಸನೆ ಇದೆಯೆಂದು ಪಟ್ಟಿಗಳಲ್ಲಿ ಬರೆದಿರುತ್ತಾರೆ. ಇದು ವರ್ಣನೆಯ ಚಟವೆಂದೇ ನಾನು ತಿಳಿದಿದ್ದೆ. ಆದರೆ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆ ವಾಸನೆಗೆ ಕಾರಣವಾದ ವಸ್ತುವನ್ನು ಗುರುತಿಸಿದರು. ರೋಟಂಡೋನ್ ಎಂಬ ಅದೇ ಅಣು ಕರಿಮೆಣಸಿನಲ್ಲಿಯೂ ಇದೆ, ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ. ಒಂದು ಲೀಟರ್ ಕೆಂಪು ವೈನಿನಲ್ಲಿ ಕೇವಲ 16 ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ತಿಳಿಯುವವರಿಗೆ ಮಾತ್ರ; ಆ ಸಂಶೋಧಕರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ಹತ್ತಲಿಲ್ಲವಂತೆ.

ಭಾವ ಮೆಣಸು ಬೆಳೆಯುವವರು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಗಳಿಂದ ಕಾಳು ಬಿಡಿಸಿ, ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೂಸಿಯೇ ಗುಣ ಹೇಳುತ್ತಾರೆ. ಮಾರ್ಚ್‌ನಲ್ಲಿ ಬೆಂಗಳೂರಿನ ರೆಸ್ಟೋರೆಂಟೊಂದರಲ್ಲಿ ತಂಪು ಸೀಮೆಯ ಆಸ್ಟ್ರೇಲಿಯನ್ ಶಿರಾಜ್ ಲೋಟದ ಲೆಕ್ಕದಲ್ಲಿ ಸಿಗುತ್ತದೆಂದು ತಿಳಿದು ಅವರನ್ನು ಕರೆದೊಯ್ದೆ. ತಂಪಾದ ಜಾಗದಲ್ಲಿ ಮಾಗಿದ ಹಣ್ಣಿನಲ್ಲಿ ಆ ಅಣು ಹೆಚ್ಚಿರುತ್ತದೆ. ಅವರು ಅಂಗಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ನಾಲ್ಕು ಕಾಳನ್ನು ತಟ್ಟೆಯ ಅಂಚಿಗಿಟ್ಟು ಚಮಚದ ಬೆನ್ನಿನಿಂದ ಪುಡಿಮಾಡಿದರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಪುಡಿಯನ್ನು ಮೂಸಿ ಲೋಟವನ್ನು ಮೂಸಿದೆ. ಅನುಮಾನವೇ ಇರಲಿಲ್ಲ, ಪುಡಿಯ ಘಾಟಿನ ಕೆಳಗೆ ಕುಳಿತಿದ್ದ ಅದೇ ಮಣ್ಣುಮಿಶ್ರಿತ ಪರಿಮಳ ಲೋಟದಿಂದಲೂ ಏಳುತ್ತಿತ್ತು. ಭಾವ ಮೂರು ಸಲ ಮೂಸಿದರು. “ಹಣ್ಣಿನ ವಾಸನೆ ಇದೆ. ಮೆಣಸು ಎಲ್ಲಿದೆ?” ಎಂದರು. ನೆಗಡಿಯಿರಲಿಲ್ಲ. ಮೇ ತಿಂಗಳಲ್ಲಿ ಮತ್ತೊಮ್ಮೆ, ಬೇರೆ ಶಿರಾಜ್‌ನೊಂದಿಗೆ ನೋಡಿದರೂ ಅದೇ ಉತ್ತರ. ಜೀವಮಾನವಿಡೀ ಮೆಣಸು ಮೂಸಿದ ಮನುಷ್ಯ ಆ ಐವರಲ್ಲಿ ಒಬ್ಬರಿರಬೇಕೆಂದು ಕಾಣುತ್ತದೆ. ಮೆಣಸಿನ ಘಮಕ್ಕೆ ಇತರ ಹತ್ತಾರು ಎಣ್ಣೆಯಂಶಗಳೂ ಸೇರಿರುವುದರಿಂದ ಅವರ ವ್ಯಾಪಾರಕ್ಕೆ ತೊಂದರೆಯಾಗಿಲ್ಲ. ಈ ವಿವರಣೆಯನ್ನು ಅವರು ಒಪ್ಪಿಲ್ಲ. ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆ ಎಂಬುದು ಅವರ ಪಕ್ಷ.

ಸೋಲುಗಳೂ ಇವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಮುಂದೆ ಯಾವ ವೈನೂ ನಿಲ್ಲಲಿಲ್ಲ. ಈಗ ಪರೀಕ್ಷೆಯ ದಿನ ಅದನ್ನು ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ. ಹೋಳಿಗೆಯೊಂದಿಗೆ ಒಣ ಬಿಳಿ ವೈನ್ ಕುಡಿದಾಗ ವೈನ್ ನಿಂಬೆನೀರಿನಂತಾಯಿತು. ಜರ್ಮನಿಯ ಬಿಳಿ ವೈನಾದ ರೀಸ್ಲಿಂಗ್‌ಗಳಲ್ಲಿ ಕ್ಯಾಬಿನೆಟ್ ಎಂದು ಕರೆಯುವ ಹಗುರ ಬಗೆ, ಕಡಿಮೆ ಆಲ್ಕೋಹಾಲ್, ಸ್ವಲ್ಪ ಸಿಹಿ, ಚುರುಕು ಹುಳಿ ಇರುವಂಥದ್ದು, ನಮ್ಮ ಊಟಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಎರಡು ಲೋಟಗಳ ಅನುಭವದಿಂದ ಅನಿಸಿದೆ, ಆದರೆ ಆಮದು ಬಾಟಲಿಯ ಬೆಲೆ ಕಂಡು ಮೂರನೆಯದಕ್ಕೆ ಧೈರ್ಯ ಬಂದಿಲ್ಲ. ರಾಜ್ಯದ ವೈನುಗಳ ಪೈಕಿ ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನವು ಐದು ದಾಖಲಾಗಿವೆ, ಹಂಪಿಯ ಕಡೆಯ ಕೃಷ್ಮಾದ್ದು ಒಂದೇ ಒಂದು. ಅದರ ಸಾಂಜೊವೇಸೆ ಎಂಬ ಕೆಂಪು ವೈನಿನ ಟೊಮೆಟೊದಂಥ ಹುಳಿ ಕೋಳಿ ಸಾರಿಗೆ ಹೊಂದೀತೆಂಬ ಊಹೆಯನ್ನು ಇನ್ನೂ ಪರೀಕ್ಷಿಸಬೇಕಿದೆ.

ಕಳೆದ ಶನಿವಾರ ಊರಿನ ಆ ಅರ್ಧ ಪುಟದ ರೆಸ್ಟೋರೆಂಟಿಗೆ ಮತ್ತೆ ಹೋಗಿದ್ದೆ. ಬಾಟಲಿಗಳು ಕಾಫಿ ಯಂತ್ರದ ಮೇಲಿನಿಂದ ಇಳಿದು ತಂಪು ಪೆಟ್ಟಿಗೆಯ ಕೆಳಗಿನ ಅಂತಸ್ತಿಗೆ ಬಂದಿದ್ದವು. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ನೀಲಿ ಪೆನ್ನಿನಿಂದ ಇಸವಿ ಬರೆದಿತ್ತು. ಗಲ್ಲಾದ ಮೇಲಿದ್ದವರು ಬಂದು, ಹೊಸ ಪಟ್ಟಿ ಅಚ್ಚಿಗೆ ಹೋಗುತ್ತಿದೆ, ಕಡುಬು ಮತ್ತು ಕೋಳಿ ಸಾರಿನ ಪಕ್ಕದಲ್ಲಿ ಯಾವ ವೈನ್ ಹಾಕಲಿ ಸಾರ್ ಎಂದು ಕೇಳಿದರು. ನನ್ನ ಪುಸ್ತಕದ ಹಿಂಬದಿಯ ಹಾಳೆ ಹರಿದು “ಶೆನಿನ್ ಬ್ಲಾಂ, ಚೆನ್ನಾಗಿ ತಣ್ಣಗಿರಬೇಕು” ಎಂದು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಶೆನಿನ್ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಕೇಳಿಕೊಂಡು, ಕೆಳಗೆ ತಾವೇ ಬೆಲೆ ಸೇರಿಸಿದರು.