ರಾತ್ರಿ ತೂಕ ಹಾಕಿದ ಭತ್ತ ಯಾವ ತಾರೀಖಿಗೆ?

ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಲಾರಿ ಬರಲು ಹೊತ್ತುಗೊತ್ತಿಲ್ಲ. ನವೆಂಬರ್ 12ರ ನಸುಕಿನ 3:40ಕ್ಕೆ ವೇ ಬ್ರಿಡ್ಜ್ ಚೀಟಿ ಹರಿದರು ಅನ್ನಿ. ಸರ್ವರ್ ಯುಟಿಸಿಯಲ್ಲಿದ್ದರೆ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅದಕ್ಕದು 11ರ ರಾತ್ರಿ 10:10. ಯುಟಿಸಿ ತಾರೀಖು ಹಿಡಿದು ಆವಕದ ವರದಿ ತೆಗೆದರೆ, ನಡುರಾತ್ರಿಯಿಂದ ಬೆಳಿಗ್ಗೆ 5:30ರೊಳಗೆ ಬಂದ ಲೋಡೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವುದರಿಂದ ತಪ್ಪು ಬೇಗ ಸಿಗುವುದಿಲ್ಲ. ದರ ಬದಲಾದ ದಿನ ಮಾತ್ರ ರೈತರ ಪಟ್ಟಿಯಲ್ಲಿ ಹಣವೇ ವ್ಯತ್ಯಾಸವಾಗುತ್ತದೆ.

ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು ಕ್ಷಣವನ್ನು ಒಂದು ಸಂಖ್ಯೆಯಾಗಿ ಇಡುತ್ತವೆ: 1970ರ ಜನವರಿ 1, ಯುಟಿಸಿ 00:00ರಿಂದ ಕಳೆದ ಸೆಕೆಂಡುಗಳು. ವರದಿಯಲ್ಲಿ ‘01-01-1970, 5:30’ ಕಂಡರೆ ಅಲ್ಲಿ ಸೊನ್ನೆ ಕೂತಿದೆ ಎಂದೇ ಅರ್ಥ. ಜಾವಾಸ್ಕ್ರಿಪ್ಟ್ ಎಣಿಸುವುದು ಮಿಲಿಸೆಕೆಂಡುಗಳನ್ನು. ಅದಕ್ಕೆ ಇಂದಿನ ಸೆಕೆಂಡುಗಳನ್ನು ಕೊಟ್ಟರೆ 1970ರ ಜನವರಿ 21 ತೋರಿಸುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಕಾಡುವುದು ಇದು: ಜಾವಾಸ್ಕ್ರಿಪ್ಟಿನಲ್ಲಿ ನವೆಂಬರ್ 12ರ ಸ್ಥಳೀಯ ನಡುರಾತ್ರಿಗೆ ಡೇಟ್ ಮಾಡಿ, ಅದನ್ನು ಯುಟಿಸಿಯ ಪಠ್ಯವಾಗಿ ಕೊಡುವ ಟು-ಐಎಸ್ಒ-ಸ್ಟ್ರಿಂಗ್ ಕರೆದು, ಮೊದಲ ಹತ್ತು ಅಕ್ಷರ ಕತ್ತರಿಸುವುದು. ಸಿಗುವುದು 11, ಯಾಕಂದರೆ ಆ ಕ್ಷಣ ಯುಟಿಸಿಯಲ್ಲಿ 11ರ 18:30. ಅದೇ ‘2024-11-12’ ಎಂಬ ಬರೀ ತಾರೀಖಿನ ಸ್ಟ್ರಿಂಗ್ ಕೊಟ್ಟರೆ ಅದು ಯುಟಿಸಿ ನಡುರಾತ್ರಿ ಎಂದು ಓದುತ್ತದೆ; ಅದರ ಕೊನೆಗೆ ಸಮಯ ಸೇರಿಸಿದರೆ ಸ್ಥಳೀಯ ಎಂದು ಓದುತ್ತದೆ. ತಿಂಗಳು ಬೇರೆ ಸೊನ್ನೆಯಿಂದ ಶುರು, ನವೆಂಬರ್ ಅಂದರೆ 10.

ಕೆಲವರು ಐದೂವರೆ ಗಂಟೆಯ 19,800 ಸೆಕೆಂಡು ಕೈಯಾರೆ ಕೂಡಿಸಿ ಡೇಟಾಬೇಸಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಮುಂದೆ ವರದಿ ಬರೆಯುವವರು ಅದನ್ನು ಯುಟಿಸಿ ಎಂದೇ ನಂಬಿ ಮತ್ತೆ ಐದೂವರೆ ಗಂಟೆ ಕೂಡಿಸುತ್ತಾರೆ. ಕ್ಷಣವನ್ನು ಯುಟಿಸಿಯಲ್ಲೇ ಇಡಿ. ಓದುವಾಗ ಮೊದಲು ಭಾರತದ ಕಾಲವಲಯವಾದ ‘ಏಷ್ಯಾ/ಕೋಲ್ಕತಾ’ಕ್ಕೆ ತಿರುಗಿಸಿ, ಆಮೇಲೆ ತಾರೀಖು ತೆಗೆಯಿರಿ. ಗಂಟೆವಾರು ಲೆಕ್ಕಕ್ಕೂ ಇದೇ ಕ್ರಮ, ಇಲ್ಲವಾದರೆ 10ರಿಂದ 11ರ ಬದಲು 10:30ರಿಂದ 11:30ರ ಗುಂಪು ಬರುತ್ತದೆ. ಪೈಥಾನ್ 3.9ರಿಂದ ಕಾಲವಲಯಗಳ ಲೈಬ್ರರಿ ಝೋನ್‌ಇನ್ಫೋ ಜೊತೆಗೇ ಬರುತ್ತದೆ. ಹಳೆಯ ಪೈಟಿಝಡ್ ಲೈಬ್ರರಿಯ ವಲಯವನ್ನು ನೇರವಾಗಿ ಡೇಟ್‌ಟೈಮಿನ ಟಿಝಡ್‌ಇನ್ಫೋಗೆ ಕೊಟ್ಟರೆ 5:30ರ ಬದಲು ಕಲ್ಕತ್ತೆಯ ಹಳೆಯ ಸ್ಥಳೀಯ ಸಮಯ 5:53 ಅಂಟಿಕೊಳ್ಳುತ್ತದೆ.

ಹುಟ್ಟಿದ ದಿನ, ಸಾಲದ ಗಡುವು ಕ್ಷಣಗಳಲ್ಲ. ಅವಕ್ಕೆ ಟೈಮ್‌ಸ್ಟ್ಯಾಂಪ್ ಬೇಡ, ಡೇಟ್ ಕಾಲಂ ಸಾಕು. ಗಡುವಿಗೆ ತಿಂಗಳು ಕೂಡಿಸುವಾಗ ಮಾತ್ರ ಎಚ್ಚರ: 2025ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಜಾವಾದ ಲೋಕಲ್‌ಡೇಟ್ ಫೆಬ್ರವರಿ 28 ಕೊಡುತ್ತದೆ, ಜಾವಾಸ್ಕ್ರಿಪ್ಟಿನ ಸೆಟ್‌ಮಂತ್ ಮಾರ್ಚ್ 3ಕ್ಕೆ ಹೋಗುತ್ತದೆ. ಯಾವುದು ಬೇಕೆಂದು ಕೋಡ್ ಬರೆಯುವ ಮೊದಲೇ ಮಿಲ್ಲಿನ ಲೆಕ್ಕದವರನ್ನು ಕೇಳಿ.

ಪರೀಕ್ಷೆಗೆ ರಾತ್ರಿ 11:59, 12:01, ಬೆಳಿಗ್ಗೆ 5:29, 5:31ರ ಚೀಟಿಗಳನ್ನು ಹಾಕಿ. ಆಮೇಲೆ ಲ್ಯಾಪ್‌ಟಾಪಿನ ವಲಯವನ್ನು ಯುಟಿಸಿಗೆ ಬದಲಿಸಿ ಅವನ್ನೇ ಮತ್ತೆ ಓಡಿಸಿ. ಎರಡೂ ಸಲ ವರದಿ ಒಂದೇ ಬರಬೇಕು.