ಕೇಬಲ್ ರೂಮಿನಿಂದ ಕಂಡ ಬಂಡಾಯ ಕ್ರಿಕೆಟ್

ಬ್ಯಾಟರ್ ನಿಕೋಲಸ್ ಪೂರನ್ 29ನೇ ವಯಸ್ಸಿಗೇ ವೆಸ್ಟ್ ಇಂಡೀಸ್ ತಂಡಕ್ಕೆ ಕೈಮುಗಿದು ಟಿ20 ಲೀಗ್‌ಗಳ ಕಡೆ ಹೊರಳಿದಾಗಿನಿಂದ ನನ್ನ ಅಳಿಯನದು ಒಂದೇ ಮಾತು. ‘ಮಾಮಾ, ಇವರಿಗೆಲ್ಲ ರೊಕ್ಕದ ಹುಚ್ಚು ಹಿಡದೈತಿ. ದೇಶ ಗೀಶ ಏನೂ ಇಲ್ಲ.’ ನಾನು ವಿಜಯಪುರದ ಜೋರಾಪುರ ಪೇಟೆ ಕಡೆ ಬಹಳ ವರ್ಷ ಕೇಬಲ್ ನಡೆಸಿದವನು. ದೇಶವೋ ಲೀಗೋ ಅನ್ನೋ ಈ ಜಗಳ ನನಗೆ ಪಿಚ್ ಕಡೆಯಿಂದ ಕಾಣೋದೇ ಇಲ್ಲ, ಡಿಶ್ ಕಡೆಯಿಂದ ಕಾಣುತ್ತದೆ.

2007ರ ಕೊನೆ. ಊರಿಗೆ ಇನ್ನೂ ಬಿಜಾಪುರ ಅಂತಲೇ ಹೆಸರು. ಹರಿಯಾಣದ ಪಂಚಕುಲದಲ್ಲಿ ಇಂಡಿಯನ್ ಕ್ರಿಕೆಟ್ ಲೀಗ್ (ಐಸಿಎಲ್) ಶುರುವಾಯಿತು. ಲಾರಾ, ಇಂಜಮಾಮ್ ಬಂದಿದ್ದಾರೆ ಅಂತ ಸುದ್ದಿ. ಅವತ್ತಿನಿಂದ ನನಗೆ ಫೋನೋ ಫೋನು: ‘ಅಣ್ಣಾ, ನಮ್ಮ ಟಿವ್ಯಾಗ ಯಾಕ ಬರವಲ್ದು?’ ಹಳೇ ಟಿವಿಗಳಲ್ಲಿ ಮೇಲಿನ ನಂಬರಿನ ಚಾನೆಲ್ ಹಿಡಿಯುತ್ತಲೇ ಇರಲಿಲ್ಲ. ಹಿಡಿದರೂ ತೆರೆ ತುಂಬ ಚುಕ್ಕಿ. ಕೊನೆಗೆ ಯಾರೂ ನೋಡದ ಒಂದು ಚಾನೆಲ್ಲನ್ನು ಮೇಲಿನ ನಂಬರಿಗೆ ಕಳಿಸಿ, ಚಾನೆಲ್‌ಗೆ ನಂಬರು ಕೊಡುವ ಡಬ್ಬಿ, ಅದೇ ಮಾಡ್ಯುಲೇಟರ್‌ನ ವೈರ್ ಕಿತ್ತು ಬದಲಿಸಿ, ಐಸಿಎಲ್ ಬರುವ ಚಾನೆಲ್ಲನ್ನು ಕೆಳಗಿನ ನಂಬರಿಗೆ ತಂದೆ. ಮರುದಿನ ಮೇಲೆ ಹೋದ ಚಾನೆಲ್‌ನ ಏಜೆಂಟನ ಬೈಗುಳ. ಯಾರು ಎಲ್ಲಿ ಕಾಣಬೇಕು ಅನ್ನೋದರಲ್ಲೇ ಎಲ್ಲ ವ್ಯಾಪಾರ ಇದೆ, ನೋಡಿ.

ಐಸಿಎಲ್ ಹುಟ್ಟಿದ್ದೂ ಹಾಗೇ. 2004ರಲ್ಲಿ ಭಾರತದ ಪಂದ್ಯಗಳ ಪ್ರಸಾರಕ್ಕೆ ಝೀಯವರದೇ ದೊಡ್ಡ ಬಿಡ್. ಆದರೂ ಹಕ್ಕು ಕೈಗೆ ಸಿಗಲಿಲ್ಲ. ಆಮೇಲೆ ಝೀ ಕಟ್ಟಿದ ಸುಭಾಷ್ ಚಂದ್ರ, ಕ್ರಿಕೆಟ್ ಮಂಡಳಿ ಬಿಸಿಸಿಐ ಒಪ್ಪಿಗೆ ಇಲ್ಲದೇ ತಮ್ಮದೇ ಲೀಗ್ ಕಟ್ಟಿದರು.

ಐಸಿಎಲ್‌ಗೂ ಮೂವತ್ತು ವರ್ಷ ಹಿಂದೆ ಆಸ್ಟ್ರೇಲಿಯಾದಲ್ಲೂ ಇದೇ ಕಥೆ. ಚಾನೆಲ್ ನೈನ್‌ನ ಕೆರ್ರಿ ಪ್ಯಾಕರ್ ಮೂರು ವರ್ಷದ ಪ್ರಸಾರಕ್ಕೆ 15 ಲಕ್ಷ ಡಾಲರ್ ಕೊಡ್ತೀನಿ ಅಂದ. ಮಂಡಳಿ ಅದರ ಕಾಲುಭಾಗಕ್ಕಿಂತ ಕಡಿಮೆಗೆ ಸರ್ಕಾರಿ ಎಬಿಸಿಗೇ ಕೊಟ್ಟಿತು. ಪ್ಯಾಕರ್ ಸುಮ್ನೆ ಕೂಡುವ ಆಸಾಮಿ ಅಲ್ಲ. ಲಿಲ್ಲಿ, ಚಾಪೆಲ್ ಸೋದರರು, ಕ್ಲೈವ್ ಲಾಯ್ಡ್, ರಿಚರ್ಡ್ಸ್, ಇಮ್ರಾನ್, ಎಲ್ಲರನ್ನೂ ತನ್ನದೇ ಪಂದ್ಯಗಳಿಗೆ ಗುಟ್ಟಾಗಿ ಬುಕ್ ಮಾಡಿದ. ಅವನ ಪರ ಆಟಗಾರರನ್ನು ಹುಡುಕಿದ ಟೋನಿ ಗ್ರೆಗ್‌ಗೆ ಇಂಗ್ಲೆಂಡ್ ನಾಯಕತ್ವ ಹೋಯಿತು. ಕ್ರಿಕೆಟ್ ಮೈದಾನ ಸಿಗಲಿಲ್ಲ ಅಂತ ಮೆಲ್ಬರ್ನ್‌ನ ಫುಟ್‌ಬಾಲ್ ಮೈದಾನಕ್ಕೆ, ಬೇರೆ ಕಡೆ ಬೆಳೆಸಿದ ಪಿಚ್ ತಂದು ಇಳಿಸಿದರು! ಆಟಗಾರರ ಮೇಲೆ ನಿಷೇಧ ಹಾಕೋದು ತಪ್ಪು ಅಂತ 1977ರ ನವೆಂಬರ್‌ನಲ್ಲಿ ಲಂಡನ್ ಹೈಕೋರ್ಟ್ ಹೇಳಿತು. 1979ರಲ್ಲಿ ರಾಜಿ. ಪ್ರಸಾರದ ಹಕ್ಕು ಯಾರಿಗೆ ಸಿಕ್ಕಿತು? ಚಾನೆಲ್ ನೈನ್‌ಗೇ.

ಮಜಾ ಏನಂದರೆ, 1977-78ರ ನಮ್ಮ ಚಳಿಗಾಲದಲ್ಲೇ ಬಿಷನ್ ಸಿಂಗ್ ಬೇಡಿಯ ಭಾರತ ತಂಡ ಆಸ್ಟ್ರೇಲಿಯಾದಲ್ಲಿತ್ತು. ಅಪ್ಪ ಬೆಳಗಿನ ಜಾವ ರೇಡಿಯೋ ಕಿವಿಗೆ ಹಚ್ಚಿ ಕೂತಿರುತ್ತಿದ್ದರು. ದೊಡ್ಡವರೆಲ್ಲ ಪ್ಯಾಕರ್ ಕಡೆ ಹೋಗಿದ್ದರಿಂದ ಎದುರಾಳಿ ತಂಡಕ್ಕೆ ಹತ್ತು ವರ್ಷದ ಹಿಂದೆಯೇ ನಿವೃತ್ತನಾಗಿದ್ದ, 41ರ ಬಾಬ್ ಸಿಂಪ್ಸನ್ ನಾಯಕ. ಮೆಲ್ಬರ್ನ್‌ನಲ್ಲಿ ನಮ್ಮ ಚಂದ್ರಶೇಖರ್ 12 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಗೆಲುವು ಅದೇ. ಪ್ಯಾಕರ್ ಕಡೆ ಹೋದವರು ಇದ್ದಿದ್ದರೆ ಅಂತ ಅಪ್ಪನಿಗೆ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ಆ ಸರಣಿಯನ್ನು 3-2ರಲ್ಲಿ ಸೋತೆವು, ಅದು ಬೇರೆ ಮಾತು.

ಐಸಿಎಲ್‌ಗೆ ಅಂಥ ರಾಜಿ ಸಿಗಲಿಲ್ಲ. ಐಸಿಎಲ್ ಸೇರಿದ್ದಕ್ಕೆ, ವಿಶ್ವಕಪ್ ಗೆದ್ದುಕೊಟ್ಟ ಕಪಿಲ್ ದೇವ್‌ಗೇ ಬಿಸಿಸಿಐ ಬಾಗಿಲು ಮುಚ್ಚಿತು. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಮುಂದಿನ ಏಪ್ರಿಲ್‌ಗೆ ಐಪಿಎಲ್ ಬಂತು, ನನ್ನ ಗಿರಾಕಿಗಳೆಲ್ಲ ಆ ಕಡೆ ಹೊರಳಿದರು. ಐಸಿಎಲ್ 2009ಕ್ಕೆ ಮುಗಿದೇ ಹೋಯಿತು. ನಮಗೆ ರೊಕ್ಕ ಬಂದಿಲ್ಲ ಅಂತ ಕೆಲವು ಆಟಗಾರರು ದೂರಿದರು.

ಇವತ್ತು ಪೂರನ್‌ಗೆ ಯಾರೂ ನಿಷೇಧ ಹಾಕಲಿಲ್ಲ, ಯಾಕಂದರೆ ಈಗಿನ ದೊಡ್ಡ ಲೀಗ್‌ಗಳು ಮಂಡಳಿಗಳದೇ, ಇಲ್ಲಾ ಅವುಗಳ ಒಪ್ಪಿಗೆ ಪಡೆದವು. ಲೀಗ್ ಮನೆಯದೇ ಆದರೆ ಹೋದವನು ದ್ರೋಹಿ ಅಲ್ಲ, ಅಲ್ವಾ? ಟ್ರೆಂಟ್ ಬೋಲ್ಟ್ 2022ರಲ್ಲಿ ನ್ಯೂಜಿಲೆಂಡ್ ಒಪ್ಪಂದ ಬಿಟ್ಟರೂ 2023ರ ವಿಶ್ವಕಪ್ ಆಡಿದ. ನಮ್ಮ ಅಂಬಟಿ ರಾಯುಡು ಐಸಿಎಲ್‌ಗೆ ಹೋದಾಗ ಇಪ್ಪತ್ತೊಂದು-ಇಪ್ಪತ್ತೆರಡರ ಹುಡುಗ. 2009ರಲ್ಲಿ ಬಿಸಿಸಿಐನಿಂದ ಮಾಫಿ ಸಿಕ್ಕಿತು. ಭಾರತದ ಟೋಪಿ ತಲೆಗೆ ಬಂದದ್ದು 2013ರಲ್ಲಿ.